ಅಪ್ಪಾ, ನನ್ನ ಜ್ಯೂರಿ ಡ್ಯೂಟಿಗೆ ಹೆದರ್ಕೋಬೇಡಿ, ನೀವು ಆಂಜಿಯೋಗ್ರಾಮ್ ಮಾಡಿಸ್ಕೊಳ್ಳಿ

ಅಪ್ಪ ಅಮ್ಮಂಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೀವಿ, ಅಚ್ಚೂಗೆ ನೆಗಡಿ ವಾಸಿಯಾಯ್ತು, ನಿಮ್ಮಳಿಯಂಗೆ ಎಂದಿನ ಹಾಗೆ ಆಫೀಸೇ ಆಫೀಸು. ಅಮ್ಮ ಬರೆದ ಕಾಗದನ ಪುಟ್ಟಿ ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕಿದ್ಲು, ಓದಿದ್ಮೇಲೆ ನಿದ್ದೆ ಬರ್ಲಿಲ್ಲ. ಫೋನಲ್ಲಿ ಹೇಳೋಣ ಅಂದ್ರೆ ಅಪ್ಪ ಅರ್ಧದಲ್ಲೇ "ಆಯ್ತು ಬಿಡಮ್ಮ" ಅಂತ ಅಮ್ಮನ ಕೈಗೆ ಕೊಟ್ಬಿಡ್ತಾರೆ, ಅದಕ್ಕೇ ಬರೀತಿದ್ದೀನಿ. ಪುಟ್ಟಿ, ಪೂರ್ತಿ ಓದಿ ಹೇಳ್ಬೇಕು ಕಣೆ, ಮಧ್ಯ ಮಧ್ಯ ಹಾರಿಸ್ಬೇಡ.

ಮೊದ್ಲು ಕೋರ್ಟಿನ ವಿಷ್ಯ. ಇಲ್ಲಿ ಅಮೆರಿಕದ ಕೋರ್ಟಿಂದ ನಂಗೆ ಬಂದಿರೋದು ಜ್ಯೂರಿ ಡ್ಯೂಟಿಗೆ ಬನ್ನಿ ಅನ್ನೋ ಸಮನ್ಸು, ಜ್ಯೂರಿ ಅಂದ್ರೆ ಕೋರ್ಟಲ್ಲಿ ಕೂತು ಕೇಸು ಕೇಳಿ ತೀರ್ಪು ಹೇಳೋ ಮಾಮೂಲಿ ಜನ. ನನ್ನ ಮೇಲೆ ಯಾವ ಕೇಸೂ ಇಲ್ಲ, ನಾನು ಸಾಕ್ಷಿನೂ ಅಲ್ಲ. ರಾಜು ಮಾವ ಸಮನ್ಸ್ ಅಂತ ಕೇಳಿದ ತಕ್ಷಣ ನಿಮ್ಮನ್ನೆಲ್ಲ ಯಾಕೆ ಅಷ್ಟು ಹೆದರಿಸಿದ್ರೋ ಗೊತ್ತಿಲ್ಲ. ಇಲ್ಲಿ ಸಿಟಿಜನ್ ಆದವರನ್ನೆಲ್ಲ ವೋಟರ್ ಲಿಸ್ಟು, ಡ್ರೈವಿಂಗ್ ಲೈಸೆನ್ಸ್ ಲಿಸ್ಟು ಇಂಥದ್ರಿಂದ ಲಾಟರಿ ಎತ್ತಿದ ಹಾಗೆ ಎತ್ತಿ ಕರೀತಾರೆ, ಡಾಕ್ಟರೂ ಬರ್ಬೇಕು, ಹೋಟೆಲಲ್ಲಿ ಪ್ಲೇಟ್ ತೊಳೆಯೋರೂ ಬರ್ಬೇಕು. ಬಂದವರಲ್ಲಿ ಕೆಲವರನ್ನ ಪ್ರಶ್ನೆ ಕೇಳಿ ಕೇಳಿ ಆರಿಸ್ತಾರೆ, ದೊಡ್ಡ ಕ್ರಿಮಿನಲ್ ಕೇಸಾದ್ರೆ 12 ಜನ. ತಪ್ಪು ಮಾಡಿದಾನೋ ಇಲ್ವೋ ಅಂತ ಹೇಳೋದು ಜಡ್ಜ್ ಅಲ್ಲ, ಆ 12 ಜನ, ಅದೂ 12 ಜನಾನೂ ಒಪ್ಪಿದ್ರೆ ಮಾತ್ರ. ನಾನು ಇನ್ನೂ ಸಿಟಿಜನ್ ಆಗದೆ ಗ್ರೀನ್ ಕಾರ್ಡಲ್ಲೇ ಇದ್ದಿದ್ರೆ ಜ್ಯೂರಿಲಿ ಕೂರೋ ಹಾಗೇ ಇರ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ದಿನ ಅಥವಾ ಒಂದು ಕೇಸು ಅನ್ನೋದು ರೂಲ್ಸು, ಅಂದ್ರೆ ಮೊದಲನೇ ದಿನ ಯಾವ ಕೇಸಿಗೂ ಹಾಕ್ಲಿಲ್ಲ ಅಂದ್ರೆ ಅವತ್ತಿಗೆ ಮುಗೀತು, ಮನೆಗೆ ಬರ್ಬಹುದು. ಭತ್ಯೆ ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ನಗ್ಬೇಡಿ, ನಮ್ಮ ಕಂಪನಿ ಸಂಬಳ ಕಟ್ ಮಾಡಲ್ಲ, ಇದಕ್ಕೆ ಹೋದ್ರು ಅಂತ ಯಾರನ್ನೂ ಕೆಲಸದಿಂದ ತೆಗೆಯೋ ಹಾಗೂ ಇಲ್ಲ, ಕಾನೂನೇ ಇದೆ.

ಅಪ್ಪ "ಗೆದ್ದವನು ಸೋತ, ಸೋತವನು ಸತ್ತ" ಅಂತ ಹೇಳಿ ಕಳಿಸಿದ್ದೀರಿ, ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು ಬಿಡಿಸ್ಕೋ ಅಂತನೂ ಹೇಳಿದ್ದೀರಿ. ತೋಟದ ಕೇಸಲ್ಲಿ ನೀವು ತುಮಕೂರಿಗೆ ಅಲೆದಿದ್ದು ನಂಗೇನು ಮರ್ತಿಲ್ಲ, ಕೋರ್ಟ್ ಅಂದ್ರೆ ನಿಮಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ ಅಂತನೂ ಗೊತ್ತು. ಇಲ್ಲೂ ನಮ್ಮ ಕನ್ನಡದವರ ಮನೆಗಳಲ್ಲಿ ಈ ಕಾಗದ ಬಂತು ಅಂದ್ರೆ ಮೊದಲ ಮಾತೇ ಹೇಗೆ ತಪ್ಪಿಸ್ಕೊಳ್ಳೋದು ಅಂತ. ಒಬ್ರು ಇಂಗ್ಲಿಷ್ ಅರ್ಥ ಆಗಲ್ಲ ಅಂತ ಬರೆದುಕೊಡು ಅಂದ್ರು, ಇನ್ನೊಬ್ರು ಪೊಲೀಸ್ರು ಹೇಳಿದ್ದೆಲ್ಲ ನಿಜ ಅಂತ ನಂಬ್ತೀನಿ ಅನ್ನು, ತಕ್ಷಣ ಮನೆಗೆ ಕಳಿಸ್ತಾರೆ ಅಂದ್ರು. ಹನ್ನೆರಡು ವರ್ಷದಿಂದ ಇಂಗ್ಲಿಷಲ್ಲೇ ಕೆಲಸ ಮಾಡ್ಕೊಂಡು ಬಂದಿರೋಳು ಇಂಗ್ಲಿಷ್ ಬರಲ್ಲ ಅಂತ ಸಹಿ ಹಾಕ್ಲಾ? ನನ್ನಿಂದ ಆಗಲ್ಲ ಅಪ್ಪ.

ಅಪ್ಪ, ನಿಮಗೆ ಎಲೆಕ್ಷನ್ ಡ್ಯೂಟಿ ಹಾಕಿದಾಗ ಏನ್ ಮಾಡ್ತಿದ್ರಿ ನೀವೇ ನೆನಪು ಮಾಡ್ಕೊಳ್ಳಿ. ಸ್ಕೂಲಲ್ಲಿ ಅರ್ಧ ಜನ ಬೆನ್ನು ನೋವು, ಶುಗರ್ ಅಂತ ಸರ್ಟಿಫಿಕೇಟ್ ತಂದು ಹೆಸರು ಬಿಡಿಸ್ಕೊಂಡ್ರೆ ನೀವು ಬೆಡ್‌ಶೀಟು ನೀರಿನ ಬಾಟ್ಲು ಕಟ್ಕೊಂಡು ಪಾವಗಡದ ಕಡೆ ಹಳ್ಳಿಗೆ ಹೋಗಿ, ಶಾಲೆ ಜಗಲಿ ಮೇಲೆ ಮಲಗಿ, ಬ್ಯಾಲೆಟ್ ಬಾಕ್ಸ್ ಒಪ್ಪಿಸಿ ರಸೀದಿ ತಗೊಂಡೇ ಬರ್ತಿದ್ರಿ. ಅಮ್ಮ ಬೈದ್ರೆ "ಎಲ್ಲ ತಪ್ಪಿಸ್ಕೊಂಡ್ರೆ ಬೂತಲ್ಲಿ ಕೂರೋರ್ಯಾರು" ಅಂತಿದ್ರಿ. ನಾನೂ ಅದನ್ನೇ ಹೇಳ್ತಿರೋದು.

ಇನ್ನೊಂದು ಮಾತು. ನಾನು ಇಲ್ಲಿನ ಸಿಟಿಜನ್ ಆಗಿ ನಮ್ಮ ಇಂಡಿಯಾ ಪಾಸ್‌ಪೋರ್ಟ್ ವಾಪಸ್ ಕೊಟ್ಟಾಗ ನಿಮಗೆ ಬೇಜಾರಾಗಿದ್ದು ಗೊತ್ತು, ನಂಗೂ ಆಯ್ತು. ಆದ್ರೆ ಸಿಟಿಜನ್‌ಶಿಪ್ ಪರೀಕ್ಷೆಗೆ ಓದಿದ 100 ಪ್ರಶ್ನೆಲಿ ಒಂದು, ಸಿಟಿಜನ್‌ಗಳಿಗೆ ಮಾತ್ರ ಇರೋ ಜವಾಬ್ದಾರಿ ಒಂದು ಹೇಳಿ ಅಂತ, ಉತ್ತರ ಜ್ಯೂರಿ ಡ್ಯೂಟಿ ಅಥವಾ ಓಟು. ಭಗತ್ ಸಿಂಗ್ ಥಿಂಡ್ ಅಂತ ಪಂಜಾಬಿನವರೊಬ್ರು, ಇಲ್ಲಿನ ಸೈನ್ಯದಲ್ಲಿದ್ದವರು, ಅವರಿಗೆ 1923ರಲ್ಲಿ ಸುಪ್ರೀಂ ಕೋರ್ಟು ನೀವು ಬಿಳಿಯರಲ್ಲ, ಸಿಟಿಜನ್ ಆಗೋ ಹಾಗಿಲ್ಲ ಅಂದುಬಿಡ್ತು. 1946ರಲ್ಲಿ ಕಾನೂನು ಬದಲಾದ್ಮೇಲೇನೇ ನಮ್ಮವರಿಗೆಲ್ಲ ಅರ್ಜಿ ಹಾಕಿ ಸಿಟಿಜನ್ ಆಗೋ ದಾರಿ ತೆರೆದಿದ್ದು. ಅಷ್ಟು ಕಷ್ಟಪಟ್ಟು ಸಿಕ್ಕಿರೋ ಕುರ್ಚಿನ ಸುಳ್ಳು ಹೇಳಿ ಖಾಲಿ ಬಿಡೋದಾ? ನಾಳೆ ನಮ್ಮ ಹುಡುಗ ಒಬ್ಬ ಆ ಕಟಕಟೆಯಲ್ಲಿ ನಿಂತ್ರೆ ಆ 12 ಜನರಲ್ಲಿ ನಮ್ಮ ಮುಖ ಒಂದೂ ಇರಲ್ಲ ಅಂತ ಆಮೇಲೆ ಅತ್ತು ಏನ್ ಪ್ರಯೋಜನ.

ಜ್ಯೂರಿಯವರೂ ತಪ್ಪಬಹುದು ಅಂತ ನಾನಾವತಿ ಕೇಸ್ ಬಗ್ಗೆ, ಅದೇ ಹೆಂಡತಿಯ ಪ್ರಿಯಕರನ್ನ ಗುಂಡಿಟ್ಟು ಕೊಂದ ನೌಕಾದಳದ ಅಧಿಕಾರಿ ಕೇಸ್ ಬಗ್ಗೆ, ನೀವು ಹೇಳಿದ್ದು ನಿಜಾನೇ. 1959ರಲ್ಲಿ ಬಾಂಬೆಯ ಜ್ಯೂರಿ 8-1ರಲ್ಲಿ ನಿರಪರಾಧಿ ಅಂತು, ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದ್ರು, ಹೈಕೋರ್ಟು ಅಪರಾಧಿ ಅಂತು, 1961ರಲ್ಲಿ ಸುಪ್ರೀಂ ಕೋರ್ಟೂ ಶಿಕ್ಷೆ ಎತ್ತಿ ಹಿಡೀತು, ಪೇಪರ್‌ನೋರು ಜ್ಯೂರಿ ತಲೆ ಕೆಡಿಸಿದ್ರು ಅಂತ ಎಲ್ಲರೂ ಅಂದ್ರು, 1973ರ ಕಾನೂನು ಬಂದ್ಮೇಲೆ ನಮ್ಮಲ್ಲಿ ಸೆಷನ್ಸ್ ಕೇಸಿಗೆ ಜ್ಯೂರಿನೇ ಉಳೀಲಿಲ್ಲ. ಇಲ್ಲಿ ಅದಕ್ಕೇ ಕೇಸಿನ ಸುದ್ದಿ ಓದೋ ಹಾಗಿಲ್ಲ, ಗೂಗಲ್ ಮಾಡೋ ಹಾಗಿಲ್ಲ, ಮನೇಲಿ ಗಂಡನ ಹತ್ರನೂ ಮಾತಾಡೋ ಹಾಗಿಲ್ಲ ಅಂತ ಕಟ್ಟುನಿಟ್ಟು ಮಾಡ್ತಾರೆ. ಇಲ್ಲಿ ಜ್ಯೂರಿ ನಿರಪರಾಧಿ ಅಂದ್ರೆ ಮುಗೀತು, ಸರ್ಕಾರ ಅಪೀಲ್ ಹೋಗಕ್ಕಾಗಲ್ಲ. ಅಷ್ಟು ದೊಡ್ಡ ಮಾತನ್ನ ಮಾಮೂಲಿ ಜನರ ಕೈಲಿ ಇಟ್ಟಿದ್ದಾರಲ್ಲ, ನಂಗೆ ಇಲ್ಲಿ ತುಂಬ ಹಿಡಿಸಿರೋ ವಿಷ್ಯಗಳಲ್ಲಿ ಇದೂ ಒಂದು.

ಅಮ್ಮ, ಪಾಪ ಸುತ್ಕೊಳ್ಳುತ್ತೆ ಅಂತ ಬರೆದಿದ್ದೀಯ. ಶಿಕ್ಷೆ ಎಷ್ಟು ಅಂತ ಹೇಳೋದು ಜಡ್ಜು ಕಣಮ್ಮ, ಮರಣದಂಡನೆ ಕೇಸು ಒಂದು ಬಿಟ್ರೆ. ನಾವು ಹೇಳ್ಬೇಕಾಗಿರೋದು ಸರ್ಕಾರ ರುಜುವಾತು ಮಾಡ್ತೋ ಇಲ್ವೋ ಅಷ್ಟೇ, ಸರಿಯಾದ ಸಂಶಯ ಉಳಿದ್ರೆ ಬಿಡ್ಲೇಬೇಕು. ಯಾರೋ ದ್ವೇಷ ಸಾಧಿಸ್ತಾರೆ ಅನ್ನೋ ಭಯನೂ ಬೇಡ, ಕ್ರಿಮಿನಲ್ ಕೇಸಲ್ಲಿ ತೀರ್ಪಾದ್ಮೇಲೆ ಜ್ಯೂರಿಯವರ ಹೆಸರು ವಿಳಾಸ ಸೀಲ್ ಮಾಡಿ ಇಡ್ತಾರೆ.

ಈಗ ನಿಜವಾಗ್ಲೂ ನಿದ್ದೆ ಕೆಡಿಸಿದ್ದು. ಅಮ್ಮ ಕಾಗದದ ಕೊನೇಲಿ ಎರಡೇ ಸಾಲು ಬರೆದಿದ್ದಾಳೆ, ಟಿಎಂಟಿ, ಅಂದ್ರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡೋ ಪರೀಕ್ಷೆ, ಅದರ ರಿಪೋರ್ಟು ಸರಿ ಬಂದಿಲ್ಲ, ಡಾಕ್ಟ್ರು ಆಂಜಿಯೋಗ್ರಾಮ್ ಅಂದಿದ್ದಾರೆ, ಅಪ್ಪ ಮಗಳು ಬರ್ಲಿ ಆಮೇಲೆ ನೋಡೋಣ ಅಂತ ಕೂತಿದ್ದಾರೆ ಅಂತ. ಯಾಕಪ್ಪ ಹೀಗೆ ಮಾಡ್ತೀರಿ? ನಾನು ಬರೋದು ಡಿಸೆಂಬರಲ್ಲಿ. ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ ಅಂತ ಪುಟ್ಟಿ ಹೇಳಿದ್ಲು, ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡ್ಕೊಂಡು ಅಲ್ಲೀವರೆಗೂ ತಳ್ಳೋ ಹಾಗಿಲ್ಲ. ಬೆಂಗಳೂರಿಗೆ ಹೋಗಿ, ಜಯದೇವ ಹೃದಯದ ಆಸ್ಪತ್ರೇಲಿ ತೋರಿಸಿ. ಈಗ ಸಾಮಾನ್ಯವಾಗಿ ಮಣಿಕಟ್ಟಿಂದಲೇ ಸಣ್ಣ ಟ್ಯೂಬ್ ಹಾಕಿ ಹೃದಯದ ರಕ್ತನಾಳ ನೋಡ್ತಾರೆ, ಎದೆ ಕೊಯ್ಯಲ್ಲ, ಬ್ಲಾಕ್ ಇದ್ರೆ ತಾನೇ ಸ್ಟೆಂಟ್ ಮಾತು. ದುಡ್ಡಿನ ಚಿಂತೆ ಬೇಡವೇ ಬೇಡ, ಇವತ್ತೇ ಪುಟ್ಟಿ ಅಕೌಂಟಿಗೆ ಹಾಕಿದ್ದೀನಿ, ಕೊಬ್ಬರಿ ಮಾರಿ ಮಾಡಿಸ್ಕೋತೀನಿ ಅಂತ ಹಠ ಮಾಡ್ಬೇಡಿ, ರೇಟು ಬಂದಾಗ ಮಾರಿ.

ನಿನಗೆ ಕೋರ್ಟಿದೆ, ತೊಂದ್ರೆ ಕೊಡಬಾರದು ಅಂತ ಅಪ್ಪ ಅಂದ್ರಂತೆ. ಅದು ಅಡ್ಡಿನೇ ಅಲ್ಲ. ಸರಿಯಾದ ಕಾರಣ ಇದ್ರೆ ಡೇಟ್ ಮುಂದಕ್ಕೆ ಹಾಕಿ ಅಂತ ಆನ್‌ಲೈನಲ್ಲೇ ಕೇಳ್ಬಹುದು, ಬೇರೆ ದಿನ ಕೊಡ್ತಾರೆ. ಕೇಸಿಗೆ ಆರಿಸೋವಾಗಲೂ ಜಡ್ಜ್ ಕಷ್ಟ ಏನಾದ್ರೂ ಇದ್ಯಾ ಅಂತ ಕೇಳ್ತಾರೆ, ತಂದೆಗೆ ಹೃದಯದ ಚಿಕಿತ್ಸೆ ಅಂತ ಇದ್ದಿದ್ದನ್ನ ಇದ್ದ ಹಾಗೆ ಹೇಳ್ತೀನಿ. ಅದು ಸುಳ್ಳಲ್ವಲ್ಲ. ಡಾಕ್ಟ್ರು ಸ್ಟೆಂಟ್ ಅಂದ ದಿನವೇ ಟಿಕೆಟ್ ಬುಕ್ ಮಾಡ್ತೀನಿ. ಈಗಂತೂ ಮುಂದಿನ ವಾರ ಸ್ಯಾನ್ ಹೋಸೆ ಕೋರ್ಟಿಗೆ ಹೋಗಿಬರ್ತೀನಿ, ಬಹಳ ಜನರನ್ನ ಅವತ್ತೇ ಮನೆಗೆ ಕಳಿಸಿಬಿಡ್ತಾರೆ, ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ, ನಾನು ಆರಾಮಾಗಿದ್ದೀನಿ.

ಬಿಪಿ ಮಾತ್ರೆ ತಪ್ಪಿಸ್ಬೇಡಿ. ಅಮ್ಮ, ಉಪ್ಪಿನಕಾಯಿ ಜಾಡಿ ಅಪ್ಪನ ಕೈಗೆ ಸಿಗದ ಹಾಗೆ ಮೇಲಿಡು. ರಾಜು ಮಾವಂಗೂ ಇದನ್ನ ಓದಿ ಹೇಳಿ. ಅಚ್ಚು ಸ್ಕೂಲ್ ಬಿಡೋ ಹೊತ್ತಾಯ್ತು, ಓಡ್ಬೇಕು. ಪುಟ್ಟಿ, ಸೋಮವಾರದೊಳಗೆ ಅಪಾಯಿಂಟ್‌ಮೆಂಟ್ ತಗೊಂಡು ಚೀಟಿ ಫೋಟೋ ಹಾಕು, ಮರೀಬೇಡ.

ನಿಮ್ಮ ಮಗಳು,
ಸುಮಾ