ಭಾನುವಾರ ಡೆಕಾಲ್ ಹಚ್ಚೋರಿಗೆ ಸೂಚನೆ

ಎಲ್ಲರಿಗೂ ಶರಣ್ರಿ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಮಾಮೂಲಿ ಕೋಣೆಯಲ್ಲಿ ನಮ್ಮ ಸ್ಕೇಲ್ ಮಾಡೆಲ್‌ಗಳಿಗೆ (ಚಿಕ್ಕ ಪ್ರತಿಕೃತಿ) ಡೆಕಾಲ್, ಅಂದ್ರೆ ಗುರುತು-ಅಕ್ಷರ ಇರೋ ತೆಳು ಫಿಲ್ಮ್, ಹಚ್ಚೋಣ. ಬಣ್ಣ ಮುಗಿದ ಮಾಡೆಲ್ ಇದ್ದವರೆಲ್ಲ ಬರ್ರಿ.

ಶುಕ್ರವಾರ ರಾತ್ರಿಯೊಳಗೆ ಗ್ಲಾಸ್ (ಹೊಳಪಿನ) ವಾರ್ನಿಷ್ ಹೊಡೆದಿರಿ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲೆ ನೇರ ಹಚ್ಚಿದರೆ ಒರಟು ಮೈಯಲ್ಲಿ ಗಾಳಿ ಸಿಕ್ಕಿ ಫಿಲ್ಮ್ ಬೆಳ್ಳಗೆ ಹೊಳೀತದ, ಆಮೇಲೆ ಏನು ಬಳಿದರೂ ಪೂರಾ ಮುಚ್ಚೋದಿಲ್ಲ. ಚಿಮಟ, ಮೆತ್ತನೆ ಬ್ರಷ್, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತರ್ರಿ. ಬೋರ್ ನೀರು ಬ್ಯಾಡ, ಒಣಗಿದ ಮೇಲೆ ಬಿಳಿ ಕಲೆ ಉಳೀತದ.

ನೀರಿನ ಡೆಕಾಲ್: ಉಗುರುಬೆಚ್ಚಗಿನ ನೀರಿನಲ್ಲಿ 10–15 ಸೆಕೆಂಡ್ ಅದ್ದಿ ಹೊರಗಿಡ್ರಿ. ತಾನಾಗಿ ಜಾರೋತನಕ ಕಾಯ್ರಿ, ಉಗುರಿನಿಂದ ತಳ್ಳಬ್ಯಾಡ್ರಿ. ಜಾಗಕ್ಕೆ ಮೊದಲು ಮೈಕ್ರೋ ಸೆಟ್ (ಡೆಕಾಲ್ ಕೂರಿಸೋ ದ್ರಾವಣ), ಕೂತ ಮೇಲೆ ಮೈಕ್ರೋ ಸಾಲ್ (ಮೆತ್ತಗೆ ಮಾಡೋ ದ್ರಾವಣ). ಸಾಲ್ ಬಿದ್ದಾಗ ಡೆಕಾಲ್ ಸುಕ್ಕಾಗ್ತದ. ಅದು ಕೆಟ್ಟಿದ್ದಲ್ಲ, ಮೆತ್ತಗಾಗಿ ಮಾಡೆಲ್ ಮೈಮೇಲಿನ ಪ್ಯಾನೆಲ್ ಗೆರೆಯೊಳಗೆ ಇಳೀತಿರ್ತದ. ಆಗ ಮುಟ್ಟಿದರೆ ಹರೀತದ. ಫ್ಯಾನ್ ಬಂದ್ ಇರ್ತದ, ಸೆಕೆ ಸಹಿಸಿಕೊಳ್ರಿ.

ಹಳೇ ಕಿಟ್‌ನ ಹಾಳೆಯಾದರೆ ಬೇಡದ ಒಂದು ಗುರುತನ್ನು ಮೊದಲು ನೆನೆಸಿ ನೋಡ್ರಿ. ನೀರಿನಲ್ಲೇ ಚೂರಾದರೆ ಉಳಿದ ಹಾಳೆಗೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಲೇಪ) ಬೇಕು. ಆಮೇಲೆ ಒಂದೊಂದನ್ನೂ ಅಂಚಿಗೆ ಹತ್ತಿಕೊಂಡು ಕತ್ತರಿಸಬೇಕು.

ಡ್ರೈ ಟ್ರಾನ್ಸ್‌ಫರ್‌ಗೆ (ಉಜ್ಜಿ ಅಂಟಿಸೋ ಹಾಳೆ) ನೀರು ತಾಗಿಸಬ್ಯಾಡ್ರಿ. ಟೇಪ್ ಹಚ್ಚಿ ಅಲುಗದಂತೆ ಮಾಡಿ, ಇಂಕು ಮುಗಿದ ಬಾಲ್‌ಪೆನ್‌ನಿಂದ ಹಗುರಾಗಿ ಎಲ್ಲಾ ಕಡೆ ಉಜ್ಜಿ, ಮೂಲೆಯಿಂದ ನಿಧಾನ ಎತ್ತರಿ. ಅಕ್ಷರದ ತುದಿ ಹಾಳೆಗೇ ಅಂಟಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜರಿ. ಒಮ್ಮೆ ಕೂತದ್ದನ್ನು ಸರಿಸೋಕೆ ಬರೋದಿಲ್ಲ, ಸೊಟ್ಟಾದರೆ ಟೇಪಿನಿಂದ ಕಿತ್ತು ಹೊಸದೇ ಹಚ್ಚಬೇಕು.

ಬರೋರು ಶನಿವಾರ ಸಂಜೆಯೊಳಗೆ ಹೆಸರು, ಮಾಡೆಲ್‌ನ ಸ್ಕೇಲ್ (ಅಳತೆಯ ಪ್ರಮಾಣ), ಯಾವ ಥರದ ಹಾಳೆ ಅಂತ ಇಲ್ಲೇ ತಿಳಿಸ್ರಿ.