ಮಗಳಿಗೊಂದು ಪತ್ರ: ಮಂಡಿ ನೋವಿನ ನಿಜ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕಾಂಪೌಂಡಿನ ಕಟ್ಟೆ ಮೇಲೇ ಕೂತಿದ್ದೆ. ವಾಟ್ಸ್‌ಆಪ್‌ನಲ್ಲಿ ಎರಡು ಸಲ ಟೈಪ್ ಮಾಡಿ ಎರಡು ಸಲವೂ ಅಳಿಸಿದೆ. ಅದಕ್ಕೇ ಈ ಕಾಗದ. ಫೋಟೊ ತೆಗೆದು ಕಳಿಸುತ್ತೇನೆ, ಅಂಚೆಗೂ ಹಾಕುತ್ತೇನೆ. ಯಾವುದು ಮೊದಲು ಸಿಕ್ಕರೂ ಒಬ್ಬಳೇ ಇದ್ದಾಗ ಓದು.

"ಅಪ್ಪಾ, ಕಾಲು ಉಳುಕಿದೆ. ವಾಪಸ್ ಬಂದುಬಿಡ್ತೀನಿ. ಯಾರಾದ್ರೂ ಕೇಳಿದ್ರೆ ಕಾಲು ಅಂತ ಹೇಳು" ಅಂದೆ. ಫಿಜಿಯೊ ಏನಂದ್ರು ಅಂತ ಕೇಳಿದ್ದಕ್ಕೆ ಸ್ವಲ್ಪ ಸುಮ್ಮನಿದ್ದು, "ಎರಡು ವಾರ" ಅಂದೆ. ಎರಡು ವಾರದ ಉಳುಕಿಗೆ ಯಾರೂ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ಬಿಟ್ಟು ಆಸ್ಟ್ರೇಲಿಯಾದ ಬಲ್ಲಾರತ್‌ನಿಂದ ಬೆಂಗಳೂರಿಗೆ ಟಿಕೆಟ್ ತೆಗೆಯುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ಸದ್ಯಕ್ಕೆ ನಿಮ್ಮಮ್ಮನಿಗೆ ಮಾತ್ರ ಗೊತ್ತಿಲ್ಲ. ಅವಳು ಆಗಲೇ ನಿನ್ನ ರೂಮಿನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಮೊದಲು ರೈಲ್ವೆ ವಿಷಯ ಮುಗಿಸಿಬಿಡುತ್ತೇನೆ. ಕ್ರೀಡಾ ಕೋಟಾದ ಪ್ರಕಟಣೆ ಬಂದಿದೆ. ಅರ್ಜಿಗೆ ಇನ್ನು ಇಪ್ಪತ್ತು ದಿನ ಇದೆ. ನಿನಗೆ 24, ಅಲ್ಲಿ 25 ದಾಟಿದರೆ ಬಾಗಿಲು ಹಾಕಿದ ಹಾಗೇ. ಟ್ರಯಲ್ಸ್‌ಗೆ ಬಂದರೆ ನಿನ್ನನ್ನು ತಗೊಳ್ಳುತ್ತಾರೆ ಅಂತ ನನಗೆ ನಂಬಿಕೆ ಇದೆ. ಸೀನಿಯರ್ ನ್ಯಾಷನಲ್ಸ್‌ನಲ್ಲಿ ಹೆಂಗಸರ ಕಪ್ಪು ಎಷ್ಟು ಸಲ ರೈಲ್ವೇಸ್ ಪಾಲಾಗಿದೆ ಅಂತ ನಿನಗೇ ಗೊತ್ತು. ತಿಂಗಳ ಸಂಬಳ, ಪಾಸು, ಆಟ ಬಿಟ್ಟ ಮೇಲೂ ಕೂರುವುದಕ್ಕೊಂದು ಕುರ್ಚಿ. ಆ ಕುರ್ಚಿಯ ಬಗ್ಗೆ ನಾನು ಹಗುರವಾಗಿ ಮಾತಾಡುವ ಹಾಗಿಲ್ಲ. ಬ್ಯಾಂಕಿನಲ್ಲಿ ಅಂಥದೇ ಕುರ್ಚಿ ಮೇಲೆ ಮೂವತ್ತು ವರ್ಷ ಕೂತಿದ್ದಕ್ಕೇ ನಿನ್ನ ಶೂ ಬಂದಿದ್ದು, ಕೋಚಿಂಗ್ ಫೀಸು ಬಂದಿದ್ದು.

ಇನ್ನು ಅಲ್ಲಿಯ ನಿನ್ನ ದಿನ. ಹೋಗುವ ಮುಂಚೆ ಇಬ್ಬರೂ ಏನೇನೋ ಕನಸು ಕಂಡಿದ್ದೆವು, ಬಿಡು. ನಿನ್ನ ಆಟದ ವಿಡಿಯೊಗಳನ್ನು ನಾನು ರಾತ್ರಿಯೆಲ್ಲ ಕೂತು ಕತ್ತರಿಸಿ ಜೋಡಿಸಿದ್ದು, ನಲವತ್ತು ಕ್ಲಬ್ಬುಗಳಿಗೆ ಇಮೇಲ್ ಮಾಡಿದ್ದು, ಮೂರು ಕಡೆಯಿಂದ ಮಾತ್ರ ಉತ್ತರ ಬಂದಿದ್ದು. ಆಮೇಲೆ ವೀಸಾ, ಆಮೇಲೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿ ಆಡಲು ಬೇಕಾದ ಆ ಲೆಟರ್ ಆಫ್ ಕ್ಲಿಯರೆನ್ಸ್. ಅದು ಕೈಗೆ ಬಂದ ದಿನ ಅಮ್ಮ ಗಣೇಶನ ಗುಡಿಯಲ್ಲಿ ಇಪ್ಪತ್ತೊಂದು ಕಾಯಿ ಒಡೆಸಿದಳು. ಇಷ್ಟೆಲ್ಲ ಆದಮೇಲೆ ಅಲ್ಲಿ ಸಿಕ್ಕಿದ್ದು ಟಿವಿಯಲ್ಲಿ ನೋಡುವ ಅಮೆರಿಕದ ಲೀಗ್ ಎನ್‌ಬಿಎ ಅಲ್ಲ. ನಿನ್ನ ತಂಡದ ಹುಡುಗಿಯರಲ್ಲಿ ಒಬ್ಬಳು ನರ್ಸು, ಇಬ್ಬರು ಟೀಚರು. ಹಗಲು ಅವರವರ ಕೆಲಸ, ಸಂಜೆ ಆರಕ್ಕೆ ಪ್ರಾಕ್ಟೀಸ್. ದುಡ್ಡಿಗಾಗಿ ಆಡಲೆಂದೇ ಬಂದವಳು ನೀನು, ಮತ್ತೆ ಆ ಅಮೆರಿಕದ ಹುಡುಗಿ. ಬೆಳಗ್ಗೆ ಜಿಮ್ ಮುಗಿಸಿ ಮನೆಗೆ ಬಂದರೆ ಸಂಜೆಯವರೆಗೆ ನಿನಗೂ ಗೋಡೆಗೂ ಮಾತು. ವಾರಕ್ಕೆ ಎರಡು ಸಂಜೆ ಹನ್ನೆರಡರೊಳಗಿನ ಮಕ್ಕಳಿಗೆ ಡ್ರಿಬಲ್ ಹೇಳಿಕೊಡಬೇಕು. ಕ್ಲಬ್ಬು ಕೊಟ್ಟಿದ್ದು ಅರ್ಧ ಮನೆ, ಅರ್ಧ ಕಾರು, ವಾರದ ಕೊನೆಗೆ ಒಂದಿಷ್ಟು ಡಾಲರು. ಜೂನ್ ತಿಂಗಳ ಚಳಿಗೆ ಬಾಲೇ ಕಲ್ಲಿನ ಹಾಗಾಗಿರುತ್ತದೆ ಅಂದಿದ್ದೆ.

ಆ ಊರಿನ ಹೆಸರು ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಬಲ್ಲಾರತ್‌ಗೆ 1851ರಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದರಂತೆ. ನಿನ್ನ ಮುತ್ತಾತ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ಮನೆತನಕ್ಕೆ ಚಿನ್ನದ ಊರು ಮಾತ್ರ ಸಿಗುತ್ತೆ, ಚಿನ್ನ ಸಿಗಲ್ಲ ಅಂತ ನಿಮ್ಮಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ.

ಆ "ಇಂಪೋರ್ಟ್" ಅನ್ನುವ ಮಾತಿದೆಯಲ್ಲ, ಅದು ನನ್ನ ತಲೆಯಲ್ಲೇ ಕೂತಿದೆ. ಹೊರಗಿನಿಂದ ಬಂದ ಆಟಗಾರ್ತಿಗೆ ಅಲ್ಲಿ ಎಲ್ಲರೂ ಹಾಗೇ ಕರೆಯುವುದಂತೆ, ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಆದರೂ ಆಮದು ಸಾಮಾನಿಗೆ ಒಂದು ಕರಾರು ಇರುತ್ತದೆ: ಇಲ್ಲಿ ಸಿಗದ ಏನನ್ನೋ ಕೊಡಬೇಕು. ಲೋಕಲ್ ಹುಡುಗಿ ಆರು ಪಾಯಿಂಟ್ ಹಾಕಿದರೆ "ಪರವಾಗಿಲ್ಲ", ಇಂಪೋರ್ಟ್ ಆರು ಹಾಕಿದರೆ "ಇವಳಿಗೆ ಯಾಕೆ ಟಿಕೆಟ್ ಕೊಟ್ಟು ಕರೆಸಿದೆವು?" ನೀನು ಆಟ ಕಟ್ಟಿಕೊಡುವ ಪಾಯಿಂಟ್ ಗಾರ್ಡ್. ಹನ್ನೊಂದನೇ ವಯಸ್ಸಿನಿಂದ ನಿನಗೆ ಪಾಸ್ ಕೊಡುವುದನ್ನೇ ಕಲಿಸಿದವನು ನಾನು. ಈಗ ಶೂಟ್ ಮಾಡು ಅನ್ನುತ್ತಿದ್ದಾರೆ. ಆ ಒಂದು ಪಂದ್ಯದಲ್ಲಿ ಕೊನೆಯ ಕ್ವಾರ್ಟರ್ ಪೂರ್ತಿ ನಿನ್ನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಕಾಲು ಉಳುಕಿದ್ದು ಅದರ ಮುಂದಿನ ವಾರ. ಆ ಲೆಕ್ಕ ನನಗೆ ತಪ್ಪಿಲ್ಲ, ಪುಟ್ಟಿ.

ಕಂಠೀರವ ನೆನಪಿದೆಯಾ? 2017ರ ಜುಲೈ, ಏಷ್ಯಾ ಕಪ್ ಬಿ ಡಿವಿಷನ್ ಫೈನಲ್. ಕಜಕಸ್ತಾನದ ಆ ಉದ್ದುದ್ದ ಹುಡುಗಿಯರ ಮೇಲೆ ನಮ್ಮವರು 75–73ರಲ್ಲಿ ಗೆದ್ದರು. ಎರಡೇ ಪಾಯಿಂಟು. ನೀನು ಕೂಗಿ ಕೂಗಿ ಗಂಟಲು ಕೂತು, ಕಾಲೇಜಿನಲ್ಲಿ ಹಾಜರಿ ಕರೆದಾಗ ಬರೀ ಕೈ ಎತ್ತಿ ತೋರಿಸಿದ್ದೆ. ಎರಡು ವರ್ಷ ಕಳೆದು ಅದೇ ಕಂಠೀರವದಲ್ಲಿ ಎ ಡಿವಿಷನ್ ಆಡಿದಾಗ ನಮ್ಮದು ಎಂಟು ತಂಡಗಳಲ್ಲಿ ಎಂಟನೇ ಸ್ಥಾನ. ಆ ಸಲ ನೀನು ಅಳಲಿಲ್ಲ, ಫೈನಲ್‌ಗೆ ಕರೆದುಕೊಂಡು ಹೋಗು ಅಂದೆ. ಜಪಾನ್ 71, ಚೀನಾ 68. ಚೀನಾದವರ ಭುಜಕ್ಕೂ ಬರದ ಹುಡುಗಿಯರು ಓಡಿ ಓಡಿ ಅವರನ್ನು ಸುಸ್ತು ಮಾಡಿಬಿಟ್ಟರು. ಅದಾಗಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ರುಯಿ ಮಾಚಿದಾ ಫ್ರಾನ್ಸ್ ಎದುರು ಸೆಮಿಫೈನಲ್‌ನಲ್ಲಿ 18 ಅಸಿಸ್ಟ್ (ಬೇರೆಯವರು ಬುಟ್ಟಿಗೆ ಹಾಕುವಂಥ ಪಾಸ್) ಕೊಟ್ಟಳು, ಒಲಿಂಪಿಕ್ ದಾಖಲೆ. ಅವಳ ಎತ್ತರ 162 ಸೆಂಟಿಮೀಟರ್. ನಿನಗಿಂತ ಮೂರು ಕಮ್ಮಿ. ಮರು ವರ್ಷವೇ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಗೆ ಹೋದಳು, ವಾಷಿಂಗ್ಟನ್ ತಂಡಕ್ಕೆ. ಅವಳ ಫೋಟೊ ನಿನ್ನ ಬೀರುವಿನ ಬಾಗಿಲ ಒಳಗೆ ಇನ್ನೂ ಇದೆ. ಸೆಲ್ಲೊ ಟೇಪ್ ಹಳದಿಯಾಗಿದೆ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಇಷ್ಟು ಹೊತ್ತು ಸುತ್ತು ಬಳಸಿದ್ದು ಇದಕ್ಕೇ.

ನನ್ನ ಎಡ ಮಂಡಿಯ ಕಥೆ ನಿನಗೆ ಬಾಯಿಪಾಠ. "ನಮ್ಮಪ್ಪ ದುಬೈಗೆ ಆಡಕ್ಕೆ ಹೋಗಬೇಕಿತ್ತು, ಮಂಡಿ ಹೋಯ್ತು" ಅಂತ ನಿನ್ನ ಗೆಳತಿಯರಿಗೆಲ್ಲ ಹೇಳಿಕೊಂಡು ಬೆಳೆದವಳು. 1994. ನನಗೂ ಆಗ 24. ಬ್ಯಾಂಕಿನ ತಂಡದಲ್ಲಿದ್ದೆ, ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಗುವುದಿತ್ತು. ದುಬೈನ ಒಂದು ಕಂಪನಿ ತಂಡದವರು ಕರೆದರು. ಎರಡು ವರ್ಷದ ಮಾತು, ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ, ಅದೇ ಕಷ್ಟವಾಗಿದ್ದು. ಅಜ್ಜ ಸೂಟ್‌ಕೇಸ್ ಕೂಡ ತಂದಿಟ್ಟರು, ಕಂದು ಬಣ್ಣದ್ದು. ಈಗ ಅಮ್ಮ ಚಳಿಗಾಲದ ಬಟ್ಟೆ ಇಡುತ್ತಾಳಲ್ಲ, ಅದೇ.

ಹನ್ನೆರಡನೇ ದಿನ ನಾನೊಬ್ಬನೇ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋದೆ. ಮಂಡಿ ಒಮ್ಮೊಮ್ಮೆ ಲಟಕ್ ಅನ್ನುತ್ತಿತ್ತು, ಅಷ್ಟೆ. ಅವರು ಕಾಲನ್ನು ಮಡಿಸಿದರು, ಚಾಚಿದರು, ಅಲ್ಲಾಡಿಸಿದರು, ಎಕ್ಸ್‌ರೇ ಬೆಳಕಿಗೆ ಹಿಡಿದರು. "ಏನೂ ಇಲ್ಲಪ್ಪ, ಕುದುರೆ ಥರ ಇದೆ, ಹೋಗಿ ಆಡು" ಅಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳ್ಳೆ ಸುದ್ದಿ ಕೇಳಿ ನನಗಾದಷ್ಟು ಬೇಸರ ಯಾರಿಗೂ ಆಗಿರಲಿಕ್ಕಿಲ್ಲ. ಮನೆಗೆ ಬರುವಾಗ ಗೇಟಿನ ಹತ್ತಿರದಿಂದಲೇ ಕುಂಟಲು ಶುರು ಮಾಡಿದೆ.

ಅಷ್ಟೇ, ಪುಟ್ಟಿ. ಭಯ ಆಗಿತ್ತು. ಅಲ್ಲಿ ಹೋಗಿ ಇವನ ಆಟ ಸಾಲದು ಅನ್ನಿಸಿಕೊಂಡರೆ? ಇಲ್ಲಿ ನಾನು ಮಲ್ಲೇಶ್ವರಕ್ಕೆಲ್ಲ ಗೊತ್ತಿದ್ದ ಆಟಗಾರ, ಅಲ್ಲಿ ಯಾರೋ. ಖಾಯಂ ಕೆಲಸ ಬಿಡುವುದು ಬೇಡ ಅಂತ ನೇರವಾಗಿ ಹೇಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಸರಿಯಾದ ನಿರ್ಧಾರವೂ ಆಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ನಾನು ಮಂಡಿಯ ಮೇಲೆ ಹಾಕಿದೆ. ಹಾಕಿದ ಮೇಲೆ ಅದನ್ನು ಸಾಕಬೇಕಾಯಿತು. ಬ್ಯಾಂಕಿನ ಪಂದ್ಯಗಳಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಡಿದೆ, ಜೋರಾಗಿ ಜಂಪ್ ಮಾಡಿದ ದಿನ ಯಾರಾದರೂ ನೋಡಿದರೇನೋ ಅಂತ ಸುತ್ತ ಕಣ್ಣಾಡಿಸುತ್ತಿದ್ದೆ. 27ಕ್ಕೆ ಆಟವನ್ನೇ ಬಿಟ್ಟೆ. ತಮಾಷೆ ಏನು ಗೊತ್ತಾ, ಐವತ್ತು ದಾಟಿದ ಮೇಲೆ ಆ ಮಂಡಿ ನಿಜವಾಗಿಯೂ ನೋಯುತ್ತದೆ. ನಿಮ್ಮಮ್ಮ ಎಣ್ಣೆ ಹಚ್ಚಿ ತಿಕ್ಕುವಾಗ "ಪಾಪ, ಹಳೇ ಏಟು" ಅನ್ನುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಈ ಕಾಗದ ಅಂಚೆಗೆ ಹಾಕಿದ ಮೇಲೆ ಹೇಳುತ್ತೇನೆ.

ನೀನಿರುವ ದೇಶದವಳೇ ಲಾರೆನ್ ಜಾಕ್ಸನ್, ನಿನಗೆ ನಾನೇನು ಹೇಳುವುದು. ಸಿಯಾಟಲ್, ಮಾಸ್ಕೊ, ದಕ್ಷಿಣ ಕೊರಿಯಾ, ಎಲ್ಲ ಕಡೆ ಆಡಿದವಳು. 2016ರಲ್ಲಿ ಆಟ ಬಿಟ್ಟಳು, ಅವಳದು ನಿಜವಾದ ಮಂಡಿ. ಆರು ವರ್ಷದ ಮೇಲೆ, ಇಬ್ಬರು ಮಕ್ಕಳ ತಾಯಿ, ತನ್ನೂರು ಆಲ್ಬರಿಯ ತಂಡಕ್ಕೆ, ನೀನೀಗ ಆಡುವ ಇದೇ ಲೀಗ್ ಎನ್‌ಬಿಎಲ್-1ಗೆ ವಾಪಸ್ ಬಂದಳು. ಅದೇ ವರ್ಷ ಸಿಡ್ನಿಯ ವಿಶ್ವಕಪ್‌ನಲ್ಲಿ ಕಂಚಿನ ಪದಕಕ್ಕಾಗಿ ಕೆನಡಾ ಮೇಲೆ 30 ಪಾಯಿಂಟ್ ಹಾಕಿದಳು, 41ನೇ ವಯಸ್ಸಿಗೆ. ಆ ದಿನ ಟಿವಿ ಮುಂದೆ ನೀನು ಕುಣಿಯುತ್ತಿದ್ದೆ. ನಾನು ಎದ್ದು ಒಳಗೆ ಹೋದೆ. ನೀರು ಕುಡಿಯಲು ಅಂದುಕೊಂಡಿರುತ್ತೀಯ.

ಹಾಗಂತ ನೀನು ಅಲ್ಲೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಬರಬೇಕು ಅನ್ನಿಸಿದರೆ ಬಾ. "ಒಂಟಿಯಾಗಿ ಇರಕ್ಕಾಗ್ಲಿಲ್ಲ" ಅನ್ನು, "ಆ ಆಟ ನನಗೆ ಒಗ್ಗಲಿಲ್ಲ" ಅನ್ನು, "ರೈಲ್ವೆ ಕೆಲಸ ಬೇಕು" ಅನ್ನು. ಕೇಳಿದವರಿಗೆ ಅದನ್ನೇ ನಾನೂ ಹೇಳುತ್ತೇನೆ, ತಲೆ ಎತ್ತಿಕೊಂಡೇ ಹೇಳುತ್ತೇನೆ. ಕಾಲು ಅಂತ ಮಾತ್ರ ಹೇಳಲಾರೆ.

ರೈಲ್ವೆಗೆ ಸೇರಿದರೆ ವಿದೇಶ ಮುಗಿಯಿತು ಅಂತಲೂ ತಿಳಿಯಬೇಡ. ಕೊಟ್ಟಾಯಂನ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯ ಉದ್ಯೋಗಿ. ನೀನಿರುವ ಇದೇ ವಿಕ್ಟೋರಿಯಾದಲ್ಲಿ, ಮೆಲ್ಬರ್ನ್‌ನ ರಿಂಗ್‌ವುಡ್ ಕ್ಲಬ್ಬಿಗೆ 2006ರಲ್ಲೇ ಹೋಗಿ ಆಡಿದಳು. 2011ರಲ್ಲಿ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ವರೆಗೂ ಹೋದಳು. ಆಯ್ಕೆಯಾಗಲಿಲ್ಲ. ಆರಡಿ ಎರಡಂಗುಲದ ಸೆಂಟರ್ ಅವಳು, ನಿನ್ನ ಕಥೆ ಬೇರೆ, ಒಪ್ಪುತ್ತೇನೆ. ಆದರೂ ದಾರಿ ಒಂದೇ ಅಲ್ಲ ಅಂತ ಹೇಳಲು ಬೇರೆ ಯಾರ ಹೆಸರು ಹೇಳಲಿ?

ಕೆಲವು ಚಿಲ್ಲರೆ ವಿಷಯ. ಮುಂದಿನ ವಾರ ಅಮ್ಮನ ಪರಿಚಯದವರೊಬ್ಬರು ಮೆಲ್ಬರ್ನ್‌ಗೆ ಬರುತ್ತಿದ್ದಾರೆ. ಅವರ ಕೈಲಿ ಅಶ್ವಗಂಧ ಲೇಹ್ಯ ಕಳಿಸುತ್ತೇನೆ ಅಂತ ಅಮ್ಮ ಹಠ ಹಿಡಿದಿದ್ದಳು. ನಾನು ತಡೆದೆ. ಅದರೊಳಗೆ ಏನೇನು ಬಿದ್ದಿದೆಯೋ ಡಬ್ಬಿಯವನಿಗೇ ಗೊತ್ತಿರುವುದಿಲ್ಲ, ಡೋಪಿಂಗ್ ಪರೀಕ್ಷೆಯಲ್ಲಿ "ಅಮ್ಮ ಕೊಟ್ಟಿದ್ದು" ಅಂದರೆ ನಡೆಯುವುದಿಲ್ಲ. ಕೆಮ್ಮಿನ ಔಷಧಿಯನ್ನೂ ಫಿಜಿಯೊಗೆ ತೋರಿಸದೆ ಕುಡಿಯಬೇಡ. ಲೇಹ್ಯದ ಬದಲು ಚಟ್ನಿಪುಡಿ ಬರುತ್ತಿದೆ, ಅವರ ಏರ್‌ಪೋರ್ಟ್ ಫಾರ್ಮಿನಲ್ಲಿ ಬರೆಸಿ ಅಂತ ಹೇಳಿದ್ದೇನೆ. ಕರಿಬೇವು ಇಲ್ಲ, ಹಸಿ ಸೊಪ್ಪು ಒಳಗೆ ಬಿಡುವುದಿಲ್ಲ. ಅಮೆರಿಕದ ಆಟಗಾರ್ತಿ ಬ್ರಿಟ್ನಿ ಗ್ರೈನರ್‌ನ ಮಾಸ್ಕೊ ಏರ್‌ಪೋರ್ಟಿನಲ್ಲಿ ಹಿಡಿದು ಹತ್ತು ತಿಂಗಳು ಜೈಲಿನಲ್ಲಿ ಇಟ್ಟಿದ್ದರಲ್ಲ, ಅಮ್ಮ ಅದನ್ನು ಇನ್ನೂ ಮರೆತಿಲ್ಲ. ಆಸ್ಟ್ರೇಲಿಯಾ ರಷ್ಯಾ ಅಲ್ಲ ಕಣೇ ಅಂದರೆ, "ಏರ್‌ಪೋರ್ಟ್ ಏರ್‌ಪೋರ್ಟೇ" ಅನ್ನುತ್ತಾಳೆ. ಎಲ್ಲಿಗೆ ಹೋಗುವಾಗಲೂ ನಿನ್ನ ಬ್ಯಾಗು ನೀನೇ ತುಂಬಿಕೊ.

ಮೆಲ್ಬರ್ನ್‌ನಲ್ಲಿ ಕನ್ನಡ ಸಂಘ ಇದೆ. ರೈಲಿನಲ್ಲಿ ಒಂದೂವರೆ ಗಂಟೆ. ಕಾಲಿಗೆ ರಜ ಇರುವಾಗ ಒಂದು ಭಾನುವಾರ ಹೋಗಿ ಬಾ. ಹೊಟ್ಟೆ ತುಂಬ ಕನ್ನಡ ಮಾತಾಡಿ, ಸಿಕ್ಕರೆ ಬಿಸಿಬೇಳೆ ಬಾತ್ ತಿಂದು ಬಾ.

ರೈಲ್ವೆ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಅರ್ಧ ತುಂಬಿ ಉಳಿಸಿದ್ದೇನೆ. ನಿನ್ನ ಸಹಿಯ ಸ್ಕ್ಯಾನ್ ಬೇಕು, ಅದಿಲ್ಲದೆ ಮುಂದಕ್ಕೆ ಹೋಗುತ್ತಿಲ್ಲ. ಕಳಿಸಿದರೆ ಹಾಕುತ್ತೇನೆ. ಕಳಿಸದಿದ್ದರೆ ಯಾಕೆ ಅಂತ ಕೇಳುವುದಿಲ್ಲ.

ಶನಿವಾರ ನಿಮಗೆ ಸಂಜೆ ಆರು, ನಮಗೆ ಮಧ್ಯಾಹ್ನ ಒಂದೂವರೆ. ಊಟ ಬೇಗ ಮುಗಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇವೆ. ನೀನು ಆಡುವುದಿಲ್ಲ ಅಂತ ಗೊತ್ತಿದ್ದರೂ ಅಮ್ಮ ನೋಡಲೇಬೇಕಂತೆ. ಅಲ್ಲಿ ಒಂದೇ ಕ್ಯಾಮೆರಾ, ಬೆಂಚಿನ ಕಡೆ ತಿರುಗುವುದು ಟೈಮ್‌ಔಟ್ ಆದಾಗ ಮಾತ್ರ. ಹೋದ ವಾರ ಅಷ್ಟು ಚಳಿಯಲ್ಲಿ ಬರೀ ಜೆರ್ಸಿಯಲ್ಲಿ ಕೂತಿದ್ದೆ. ಜಾಕೆಟ್ ಹಾಕಿಕೊ, ಮಾರಾಯ್ತಿ.

ಅಪ್ಪ