ಕಾಲು ನೋಡದೆ ಇನ್ಮೇಲೆ ಬೂಟು ಕೊಡಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ರಿಗೂ ನಮಸ್ಕಾರ,

ವಿಷ್ಯ ಮೊದ್ಲೇ ಹೇಳ್ಬಿಡ್ತೀವಿ. ಜೂನ್ 1ರಿಂದ ನಮ್ಮಲ್ಲಿ ವಾಟ್ಸಾಪಲ್ಲಿ ಕಾಲಿನ ನಂಬರ್ ಹೇಳಿ ಟ್ರೆಕಿಂಗ್ ಬೂಟು ಕೊರಿಯರಲ್ಲಿ ತರಿಸ್ಕೊಳ್ಳೋದು ಇರಲ್ಲ. ಬ್ಯಾಗು, ರೈನ್‌ಕೋಟು, ಟಾರ್ಚು, ಸಾಕ್ಸು ಎಲ್ಲಾ ಮುಂಚಿನ ಹಾಗೇ ಕಳಿಸ್ತೀವಿ, ಬೂಟು ಮಾತ್ರ ನೀವು ಅಂಗಡಿಗೆ ಬಂದು ಹಾಕ್ಕೊಂಡು ನಡೆದು ನೋಡಿದ್ಮೇಲೇನೇ. ಬೆಂಗಳೂರಿಂದ ಆಚೆ ಇರೋರಿಗೆ ಬೇರೆ ಒಂದು ದಾರಿ ಮಾಡಿದೀವಿ, ಅದನ್ನ ಕೆಳಗಡೆ ಬರೆದಿದೀವಿ.

ಸುಮಾರು ಜನ ಈಗಾಗ್ಲೇ ಫೋನ್ ಮಾಡಿ ಕೇಳಿದ್ರು, ಯಾಕ್ ಸಾರ್, ಚೆನ್ನಾಗೇ ನಡೀತಿತ್ತಲ್ಲ ಅಂತ. ನಮಗೂ ವ್ಯಾಪಾರ ಕಮ್ಮಿ ಆಗುತ್ತೆ ಅಂತ ಗೊತ್ತು, ಮೂರು ಜನ ಸೇರಿ ನಡೆಸೋ ಅಂಗಡಿ, ಬಾಡಿಗೆ ಕಟ್ಬೇಕು. ಆದ್ರೂ ಈ ತೀರ್ಮಾನಕ್ಕೆ ಬಂದಿದ್ದು ಹೋದ ವರ್ಷ ಆದ ಎರಡು ಘಟನೆಯಿಂದ.

ಮೊದಲನೇದು ಕುಮಾರಪರ್ವತದ್ದು. ನಮ್ಮ ಹಳೇ ಗ್ರಾಹಕರೊಬ್ರು, ಹೆಣ್ಮಗಳು, ಫೋನಲ್ಲೇ ನಂಬರ್ 6 ಅಂದ್ರು, ಯಾವಾಗ್ಲೂ ಹಾಕೋ ಸ್ಪೋರ್ಟ್ಸ್ ಶೂ ಅದೇ ನಂಬರು, ನಾವೂ ಇನ್ನೇನೂ ಕೇಳದೆ ಪ್ಯಾಕ್ ಮಾಡಿ ಕಳಿಸಿದ್ವಿ. ಕುಕ್ಕೆಯಿಂದ ಹತ್ತೋವಾಗ ಏನೂ ತೊಂದ್ರೆ ಆಗಿಲ್ಲ. ಆದ್ರೆ ಅದು 1712 ಮೀಟರ್ ಎತ್ತರದ ಬೆಟ್ಟ, ಹತ್ತಿದ್ದೆಲ್ಲಾ ವಾಪಸ್ ಇಳೀಬೇಕಲ್ಲ, ಶೇಷಪರ್ವತ ದಾಟಿ ಭಟ್ಟರ ಮನೆ ಕಡೆ ಇಳಿಯೋ ಇಳಿಜಾರಲ್ಲಿ ಒಂದೊಂದು ಹೆಜ್ಜೆಗೂ ಬೆರಳು ಬೂಟಿನ ಮೂತಿಗೆ ಗುದ್ದಿ ಗುದ್ದಿ, ಕೆಳಗೆ ಬರೋಷ್ಟರಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ನಾಲ್ಕು ದಿನ ಬಿಟ್ಟು ಹವಾಯಿ ಚಪ್ಪಲಿ ಹಾಕ್ಕೊಂಡು ಅಂಗಡಿಗೆ ಬಂದ್ರು. ಬೈಲಿಲ್ಲ, ಬೂಟು ಟೇಬಲ್ ಮೇಲಿಟ್ರು ಅಷ್ಟೇ. ಒಳಗೆ ಪಾದದ ಅಡಿ ಇರೋ ಮೆತ್ತೆ, ಅಂದ್ರೆ ಇನ್‌ಸೋಲ್, ಎಳೆದು ನೋಡಿದ್ವಿ. ಹೆಬ್ಬೆರಳು ಒತ್ತಿ ಒತ್ತಿ ಆಗಿದ್ದ ಗುಂಡಗಿನ ಕಪ್ಪು ಗುರುತು ಸರಿಯಾಗಿ ಮುಂದಿನ ಅಂಚಿಗೇ ಕೂತಿತ್ತು, ಅದರಾಚೆ ಒಂದು ಕಡ್ಲೇಕಾಳು ಇಡೋಷ್ಟೂ ಜಾಗ ಇರ್ಲಿಲ್ಲ. ಬೂಟಲ್ಲಿ ದೋಷ ಇರ್ಲಿಲ್ಲ, ನಾವು ಕೊಟ್ಟ ಅಳತೇಲಿ ಇತ್ತು. ಅಂಗಡೀಲಿ ಐದು ನಿಮಿಷ ಇಳಿಜಾರಲ್ಲಿ ನಡೆಸಿದ್ರೆ ಗೊತ್ತಾಗ್ತಿತ್ತು.

ನಂಬರ್ ಅನ್ನೋದನ್ನ ನಾವೆಲ್ಲಾ ಜಾಸ್ತಿ ನಂಬ್ತೀವಿ. ನಮ್ಮಲ್ಲಿ ಬಹಳ ಕಾಲದಿಂದ ಬಳಸ್ತಾ ಇರೋದು ಬ್ರಿಟಿಷ್ ನಂಬರು, ಅದ್ರಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ವ್ಯತ್ಯಾಸ ಒಂದು ಇಂಚಲ್ಲಿ ಮೂರನೇ ಒಂದು ಭಾಗ, ಅಂದ್ರೆ ಎಂಟೂವರೆ ಮಿಲಿಮೀಟರ್ ಹತ್ರ. ಯುರೋಪಿನ 40, 41, 42 ಅನ್ನೋ ಲೆಕ್ಕದಲ್ಲಿ ಒಂದು ನಂಬರಿಗೆ ಆರೂವರೆ ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಎರಡೂ ಒಂದಕ್ಕೊಂದು ಸರಿಯಾಗಿ ಕೂರಲ್ಲ, ಅದಕ್ಕೇ ಒಂದು ಕಂಪ್ನಿ 8ನ್ನ 42 ಅಂದ್ರೆ ಇನ್ನೊಂದು ಕಂಪ್ನಿ 42.5 ಅನ್ನುತ್ತೆ. ಅದ್ರ ಮೇಲೆ ಅಗಲದ ಕಥೆ ಬೇರೆ. ಬೂಟು ಹೊಲಿಯೋದು ಒಂದು ಪಾದದ ಅಚ್ಚಿನ ಮೇಲೆ, ಆ ಅಚ್ಚು ಯಾವ ದೇಶದವರ ಕಾಲು ನೋಡಿ ಮಾಡಿದ್ದು ಅನ್ನೋದು ಮುಖ್ಯ. ಚೆನ್ನೈನಲ್ಲಿರೋ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೋರು ದೇಶದ ಉದ್ದಗಲಕ್ಕೂ ಒಂದು ಲಕ್ಷಕ್ಕಿಂತ ಹೆಚ್ಚು ಜನರ ಪಾದ ಅಳೆದು ನೋಡಿದ್ರು, ನಮ್ಮೋರ ಪಾದ ಯುರೋಪಿನೋರಿಗಿಂತ ಅಗಲ ಅಂತ ಅದ್ರಲ್ಲಿ ಬಂತು. ಚಿಕ್ಕೋರಿದ್ದಾಗಿಂದ ಚಪ್ಪಲಿ, ಬರಿಗಾಲಲ್ಲಿ ಓಡಾಡಿದೋರ ಬೆರಳು ಚೆನ್ನಾಗಿ ಬಿಚ್ಕೊಂಡಿರೋದನ್ನ ನಾವೂ ದಿನಾ ನೋಡ್ತೀವಿ. ಅಂಥ ಕಾಲನ್ನ ಕಿರಿದಾದ ಬೂಟಿಗೆ ತುರುಕಿ, ಕಿರುಬೆರಳು ಒತ್ತಿದ್ರೆ ಒಂದು ನಂಬರ್ ದೊಡ್ಡದು ತಗೋಳಿ ಅಂತ ಹೇಳ್ತಾರೆ ಎಷ್ಟೋ ಕಡೆ. ಆಗ ಅಗಲ ಸರಿ ಹೋಗುತ್ತೆ, ಹಿಮ್ಮಡಿ ಲೊಡಲೊಡ ಆಗಿ ಹಿಂದುಗಡೆ ಬೊಬ್ಬೆ ಬರುತ್ತೆ. ಅದಕ್ಕೆ ಅಗಲದ ಮಾಡೆಲ್ಲೇ ಬೇಕು, ದೊಡ್ಡ ನಂಬರಲ್ಲ.

ಇನ್ಮೇಲೆ ನಮ್ಮಲ್ಲಿ ಹೇಗೆ ಅಂದ್ರೆ, ಸಂಜೆ 4ರಿಂದ 8ರವರೆಗೆ ಬೂಟು ನೋಡೋ ಟೈಮು, ಒಬ್ರಿಗೆ ಮುಕ್ಕಾಲು ಗಂಟೆ, ಮೊದ್ಲೇ ಮೆಸೇಜ್ ಮಾಡಿ ಟೈಮ್ ಹೇಳಿ. ಸಂಜೆನೇ ಯಾಕೆ ಅಂದ್ರೆ ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ, ಬೆಟ್ಟ ಹತ್ತೋವಾಗ್ಲೂ ಹಾಗೇ ಊದುತ್ತೆ, ಬೆಳಗ್ಗೆ ಎದ್ದ ಕಾಲಿಗೆ ಸರಿ ಅನ್ಸಿದ ಬೂಟು ಮಧ್ಯಾಹ್ನದ ಹೊತ್ತಿಗೆ ಬಿಗಿಯುತ್ತೆ. ಟ್ರೆಕ್ಕಿಗೆ ಹಾಕೋ ಸಾಕ್ಸನ್ನೇ ತನ್ನಿ, ಇಲ್ಲಾಂದ್ರೆ ನಮ್ಮ ಹತ್ರ ಒಗೆದಿಟ್ಟಿದ್ದು ಇರುತ್ತೆ. ಕಾಟನ್ ಸಾಕ್ಸು ದಯವಿಟ್ಟು ಬೇಡ, ಬೆವರು ಹೀರ್ಕೊಂಡು ಒದ್ದೆಯಾಗೇ ಇರುತ್ತೆ, ಬೊಬ್ಬೆ ಏಳೋದಕ್ಕೆ ಅಷ್ಟು ಸಾಕು. ಮೊದ್ಲು ಎರಡೂ ಪಾದ ಅಳೀತೀವಿ, ಹೆಚ್ಚಿನೋರಿಗೆ ಒಂದು ಕಾಲು ಇನ್ನೊಂದಕ್ಕಿಂತ ಚೂರು ದೊಡ್ಡದಿರುತ್ತೆ, ದೊಡ್ಡ ಕಾಲಿಗೇ ಬೂಟು. ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ನಿಂತು ನೋಡ್ಬೇಕು, ಮುಂದೆ ಕೈ ಹೆಬ್ಬೆರಳಿನ ಅಗಲ ಜಾಗ ಉಳೀಬೇಕು, ಪಕ್ಕಕ್ಕೆ ಪಾದ ಚೆಲ್ಲಬಾರ್ದು. ಆಮೇಲೆ ಲೇಸು ಕಟ್ಟಿ ನಡೆಯೋದು. ಇದಕ್ಕಂತಾನೇ ಹಿಂದಿನ ರೂಮಲ್ಲಿ ಮರದ ಹಲಗೇಲಿ ಒಂದು ಇಳಿಜಾರು ಮಾಡ್ಸಿದೀವಿ, ಮೇಲ್ಗಡೆ ಒರಟು ಶೀಟು ಹೊಡೆದಿದೀವಿ. ಹತ್ತೋವಾಗ ಹಿಮ್ಮಡಿ ಮೇಲೇಳುತ್ತಾ, ಇಳಿಯೋವಾಗ ಬೆರಳು ಮುಂದೆ ತಾಗುತ್ತಾ, ಇವೆರಡೇ ಪ್ರಶ್ನೆ. ಹಿಮ್ಮಡಿ ಸ್ವಲ್ಪ ಏಳೋದಾದ್ರೆ ಲೇಸು ಕಟ್ಟೋ ರೀತಿ ಬದಲಾಯಿಸಿ ಸರಿಮಾಡ್ಬಹುದು, ಹೇಳ್ಕೊಡ್ತೀವಿ. ಬೆರಳು ತಾಗೋದಾದ್ರೆ ಆ ಬೂಟು ನಾವು ಮಾರಲ್ಲ, ನೀವು ಪರವಾಗಿಲ್ಲ ಕೊಡಿ ಅಂದ್ರೂ ಇಲ್ಲ. ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಅನ್ನೋ ಮಾತು ಅಗಲಕ್ಕೆ ಒಂಚೂರು ನಿಜ, ಉದ್ದಕ್ಕೆ ನಿಜ ಅಲ್ಲ.

ತಗೊಳ್ಳದೆ ಹೋದ್ರೂ ಏನೂ ಕೊಡ್ಬೇಕಾಗಿಲ್ಲ. ಸಂಕೋಚ ಬೇಡ.

ಎರಡನೇ ಘಟನೆ ನಮ್ಮದೇ ತಪ್ಪು, ಅದನ್ನೂ ಹೇಳ್ಬೇಕು. ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತೋಕೆ ಹೋಗಿದ್ದ ಒಬ್ಬ ಹುಡುಗನ ಬೂಟಿನ ಸೋಲು ಅರ್ಧ ದಾರೀಲಿ ಬಾಯಿ ಬಿಡ್ತು, ಇನ್ನೂ ಸ್ವಲ್ಪ ದೂರಕ್ಕೆ ಪೂರ್ತಿ ಕಿತ್ತು ಬಂತು. ಎಕ್ಸ್‌ಟ್ರಾ ಲೇಸಲ್ಲಿ ಸುತ್ತಿ ಕಟ್ಕೊಂಡು, ಪಾಚಿ ಕಟ್ಟಿದ ಹಳ್ಳದ ಕಲ್ಲು ದಾಟ್ಕೊಂಡು ಹೇಗೋ ಇಳಿದು ಬಂದ. ಹೊಸಾ ಬೂಟು ಅದು, ನಮ್ಮಿಂದ ತಗೊಂಡು ಎರಡು ತಿಂಗಳಾಗಿತ್ತು. ಆದ್ರೆ ನಮ್ಮ ಅಟ್ಟದ ಮೇಲೆ ಡಬ್ಬದಲ್ಲಿ ಆರು ವರ್ಷ ಇತ್ತು. ಸೋಲಿನ ಮಧ್ಯದ ಮೆತ್ತನೆ ಪದರ ಬೆರಳಲ್ಲಿ ಒತ್ತಿದ್ರೆ ಹಳೇ ಬಿಸ್ಕತ್ತಿನ ಥರ ಪುಡಿ ಪುಡಿಯಾಗಿ ಉದುರ್ತಿತ್ತು. ಆ ಪದರ ಪಾಲಿಯುರಿಥೇನ್‌ದು, ಗಾಳೀಲಿರೋ ತೇವಾಂಶ ಅದರೊಳಗೆ ಹೋಗಿ ನಿಧಾನಕ್ಕೆ ಅದನ್ನ ಮುರಿಯುತ್ತೆ, ಬೂಟು ಹಾಕಿದ್ರೂ ಅಷ್ಟೇ, ಹಾಕದೆ ಡಬ್ಬದಲ್ಲಿಟ್ರೂ ಅಷ್ಟೇ. ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ. ಇದು ಗೊತ್ತಿದ್ದೂ ನಾವು ಡಬ್ಬದ ಮೇಲಿನ ತಿಂಗಳು ನೋಡಿರ್ಲಿಲ್ಲ. ದುಡ್ಡು ವಾಪಸ್ ಕೊಟ್ವಿ, ಆದ್ರೆ ಅವನು ಅಲ್ಲಿ ಜಾರಿ ಬಿದ್ದಿದ್ರೆ ಯಾವ ದುಡ್ಡೂ ಲೆಕ್ಕಕ್ಕೆ ಬರ್ತಿರ್ಲಿಲ್ಲ.

ಹಾಗಾಗಿ ಅಟ್ಟದ ಹಳೇ ಸ್ಟಾಕೆಲ್ಲಾ ತೆಗೆದು ಹಾಕಿದೀವಿ. ಇನ್ಮೇಲೆ ತಯಾರಾಗಿ ಎರಡು ವರ್ಷ ದಾಟಿದ ಬೂಟು ಮಾರಲ್ಲ, ತಯಾರಾದ ತಿಂಗಳು ಬಿಲ್ಲಲ್ಲೇ ಬರ್ಕೊಡ್ತೀವಿ. ನಿಮ್ಮ ಮನೇಲೂ ಹಳೇ ಬೂಟು ಕಪಾಟಲ್ಲಿದ್ರೆ ಟ್ರೆಕ್ಕಿಗೆ ಹೊರಡೋ ಹದಿನೈದು ದಿನ ಮುಂಚೆ ಹೊರಗೆ ತೆಗೆದು ಸೋಲು ಬಗ್ಗಿಸಿ ನೋಡಿ, ಬಿರುಕು ಕಂಡ್ರೆ ತನ್ನಿ. ವಾರಕ್ಕೆ ಎರಡು ದಿನ, ಬುಧವಾರ ಶನಿವಾರ, ಶೂ ರಿಪೇರಿ ಮಾಡೋ ಒಬ್ರು ನಮ್ಮಲ್ಲೇ ಕೂತ್ಕೋತಾರೆ, ಮೂವತ್ತು ವರ್ಷದ ಕೈ ಅವರದ್ದು. ಮೇಲಿನ ಚರ್ಮ ಗಟ್ಟಿ ಇದ್ರೆ ಹೊಸ ಸೋಲು ಹಾಕಿ ಅಂಟಿನ ಜೊತೆ ಸುತ್ತ ಹೊಲಿಗೇನೂ ಹಾಕ್ತಾರೆ. ಎಲ್ಲಾ ಬೂಟಿಗೂ ಆಗಲ್ಲ, ಆಗಲ್ಲ ಅಂದ್ರೆ ನೇರವಾಗೇ ಹೇಳ್ತಾರೆ.

ಬೂಟು ಬಾಳಿಕೆ ಬರ್ಬೇಕು ಅಂದ್ರೆ ಇನ್ನೊಂದು ಮಾತು, ಮಲೆನಾಡಲ್ಲಿ ಹೋಂಸ್ಟೇಗಳಲ್ಲಿ ಒದ್ದೆ ಬೂಟನ್ನ ಬಚ್ಚಲೊಲೆ ಪಕ್ಕ ಒಣಗೋಕಿಡ್ತಾರೆ, ಅಲ್ಲಿನೋರು ಪ್ರೀತಿಯಿಂದಾನೇ ಇಡೋದು, ಆದ್ರೆ ಆ ಬಿಸಿಗೆ ಅಂಟು ಬಿಡುತ್ತೆ, ಚರ್ಮ ಸೆಟೆದು ಬಿರಿಯುತ್ತೆ. ಇನ್‌ಸೋಲ್ ತೆಗೆದು ಒಳಗೆ ನ್ಯೂಸ್‌ಪೇಪರ್ ಉಂಡೆ ಮಾಡಿ ತುಂಬಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಿ, ಗಾಳಿಯಾಡೋ ಕಡೆ ಇಡಿ.

ವಾಟರ್‌ಪ್ರೂಫ್ ಬೇಕಾ ಅಂತ ದಿನಾ ಕೇಳ್ತೀರಿ. ಹಿಮಾಲಯಕ್ಕೆ, ಹಿಮದಲ್ಲಿ ನಡೆಯೋಕೆ ಬೇಕು, ತಗೊಳ್ಳಿ. ಜುಲೈ ಆಗಸ್ಟಲ್ಲಿ ಪಶ್ಚಿಮಘಟ್ಟಕ್ಕೆ ಮಾತ್ರ ನಮ್ಮ ಪ್ರಕಾರ ಬೇಡ, ಮೊಣಕಾಲುದ್ದ ಹಳ್ಳ ದಾಟೋವಾಗ ನೀರು ಮೇಲಿಂದ್ಲೇ ಒಳಗೆ ಬರುತ್ತೆ, ಬಂದ ನೀರು ಹೊರಗೂ ಹೋಗಲ್ಲ, ಮಾರನೇ ದಿನಕ್ಕೂ ಒಣಗಲ್ಲ. ಬೇಗ ಒಣಗೋ ಬಟ್ಟೆ ಮೈಯಿನ ಬೂಟು, ಆಳವಾದ ಹಲ್ಲಿನ ಸೋಲು, ಇಂಬಳಕ್ಕೆ ಉದ್ದನೆ ಲೀಚ್ ಸಾಕ್ಸು, ಇಷ್ಟಿದ್ರೆ ಸಾಕು. ದುಡ್ಡೂ ಕಮ್ಮಿ.

ಈಗ ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ ಕಡೆಯೋರಿಗೆ. ಸಂಜೆ ಹೊತ್ತು, ಸಾಕ್ಸು ಹಾಕ್ಕೊಂಡು, ನೆಲಕ್ಕೆ ಹಾಳೆ ಹಾಸಿ ಎರಡೂ ಕಾಲ ಮೇಲೆ ಸಮ ಭಾರ ಹಾಕಿ ನಿಂತ್ಕೊಳ್ಳಿ, ಇನ್ನೊಬ್ರ ಕೈಲಿ ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಸಿ. ನೀವೇ ಬಗ್ಗಿ ಎಳೆದ್ರೆ ಭಾರ ಆಚೀಚೆ ಆಗಿ ಅಳತೆ ತಪ್ಪುತ್ತೆ. ಆ ಹಾಳೇನೇ ಪೋಸ್ಟಲ್ಲಿ ಕಳಿಸಿ, ಫೋಟೋ ಬೇಡ, ಫೋಟೋಲಿ ಅಳತೆ ಸಿಗಲ್ಲ. ಅದನ್ನ ನೋಡಿ ನಾವು ಎರಡು ಜೊತೆ ಕಳಿಸ್ತೀವಿ, ಮನೆ ಒಳಗೆ ಮಾತ್ರ ಹಾಕ್ಕೊಂಡು ಮೆಟ್ಟಿಲು ಹತ್ತಿ ಇಳಿದು ಮೂರು ದಿನ ನೋಡಿ, ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕಳಿಸಿ, ವಾಪಸ್ ಕೊರಿಯರ್ ಖರ್ಚು ನಮ್ದು. ಎರಡೂ ಸರಿ ಬರ್ಲಿಲ್ಲಾಂದ್ರೆ ಎರಡೂ ಕಳಿಸಿ, ಪೂರ್ತಿ ದುಡ್ಡು ವಾಪಸ್.

ಈಗಾಗ್ಲೇ ಅಡ್ವಾನ್ಸ್ ಕೊಟ್ಟು ಬೂಟಿಗೆ ಕಾಯ್ತಿರೋರಿಗೆ ಈ ವಾರದಲ್ಲೇ ಒಬ್ಬೊಬ್ರಿಗೂ ಫೋನ್ ಮಾಡ್ತೀವಿ. ಅಂಗಡಿಗೆ ಬರೋರು ನೀವು ದಿನಾ ಹಾಕೋ ಹಳೇ ಶೂನೂ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ, ಅದರ ಸೋಲು ಎಲ್ಲಿ ಸವೆದಿದೆ ಅಂತ ನೋಡಿದ್ರೆ ನೀವು ಹೇಗೆ ಕಾಲಿಡ್ತೀರಿ ಅಂತ ನಮಗೆ ಅರ್ಧ ಗೊತ್ತಾಗುತ್ತೆ.

ಇಂತಿ,
ಅಂಗಡಿಯ ನಾವು ಮೂವರು